ಏಜೆಂಟು ಏಜೆಂಟಿಗೆ ಬರೆದ ಸಾಲು: ಯಾರು ಯಾವುದಕ್ಕೆ ಒಪ್ಪಿಕೊಂಡರು?

ಮುಂಬೈ ಮಾಟುಂಗಾದ ಒಂದು ಉಡುಪಿ ಹೋಟೆಲಿನ ದಿನದ ಖರೀದಿಯನ್ನು ಸಾಫ್ಟ್‌ವೇರ್ ಏಜೆಂಟು, ಅಂದರೆ ಮಾಲೀಕರ ಪರವಾಗಿ ತಾನಾಗಿ ಸಂದೇಶ ಕಳಿಸಿ ವ್ಯವಹರಿಸುವ ಪ್ರೋಗ್ರಾಮು, ನೋಡಿಕೊಳ್ಳುತ್ತದೆ ಎಂದು ಇಟ್ಟುಕೊಳ್ಳೋಣ. ಅತ್ತ ವಾಶಿಯ ಎಪಿಎಂಸಿಯಲ್ಲಿ ನಾಲ್ವರು ವರ್ತಕರು, ಅವರಿಗೂ ಅವರವರ ಏಜೆಂಟುಗಳು. ರಾತ್ರಿ 11:50ಕ್ಕೆ ಹೋಟೆಲಿನ ಕಡೆಯಿಂದ ಒಂದು ಸಾಲು ಹೊರಡುತ್ತದೆ: “ನಾಳೆ ಬೆಳಿಗ್ಗೆಗೆ ಇಡ್ಲಿ ಅಕ್ಕಿ ಎರಡು ಚೀಲ, ತೆಂಗಿನಕಾಯಿ ನೂರು, ಬ್ಯಾಡಗಿ ಹತ್ತು.”

ಎಷ್ಟೋ ವರ್ಷ ಕೊಟ್ಟು ತಗೊಂಡು ಮಾಡಿದ ಇಬ್ಬರ ನಡುವೆ ಇಷ್ಟು ಸಾಕು. ಫೋನಿಟ್ಟು ಮಲಗಬಹುದು. ಎರಡು ಪ್ರೋಗ್ರಾಮುಗಳ ನಡುವೆ ಇದೇ ಸಾಲು ಅಪಾಯಕಾರಿ. ಇದು ದರ ವಿಚಾರಣೆಯೋ ಆರ್ಡರೋ? ಚೀಲ ಅಂದರೆ 25 ಕಿಲೋದ್ದೋ 50 ಕಿಲೋದ್ದೋ? ಕಾಯಿ ಎಣಿಕೆಯ ಲೆಕ್ಕದಲ್ಲೋ ತೂಕದಲ್ಲೋ? ಬ್ಯಾಡಗಿಯಲ್ಲಿ ಕಡ್ಡಿಯೋ ಡಬ್ಬಿಯೋ, ಹತ್ತು ಅನ್ನುವುದು ಕಿಲೋವೋ ಚೀಲವೋ? ಸಾಲನ್ನು 12:10ಕ್ಕೆ ಓದಿದ ಏಜೆಂಟಿಗೆ “ನಾಳೆ” ಯಾವತ್ತು?

ಪುಣೆಯ ಹಿಂಜೆವಾಡಿಯಲ್ಲಿ, ಮುಂಬೈಯ ಪೊವಾಯಿಯಲ್ಲಿ, ಬಾಂದ್ರಾ–ಕುರ್ಲಾ ಕಡೆಯ ಆಫೀಸುಗಳಲ್ಲಿ ಈಗ ಏಜೆಂಟು ಕಟ್ಟುವ ಕೆಲಸ ಮಾಡುತ್ತಿರುವ ಕನ್ನಡದವರು ಬಹಳ ಮಂದಿ. ಅವರಲ್ಲಿ ಹಲವರು ಹೇಳುವುದು ಒಂದೇ: ನಾವು ಏನು ಬರೆದರೂ ಭಾಷಾ ಮಾದರಿ (ಮನುಷ್ಯರ ಬರಹ ಓದಿ ಉತ್ತರ ಬರೆಯುವ ಎಐ) ಅರ್ಥಮಾಡಿಕೊಳ್ಳುತ್ತದೆ, ಸಂದೇಶದ ರೂಪದ ಬಗ್ಗೆ ತಲೆ ಕೆಡಿಸಿಕೊಳ್ಳುವ ಕಾಲ ಮುಗಿಯಿತು. ನನ್ನ ಅಭಿಪ್ರಾಯ ಪೂರ್ತಿ ಇದರ ವಿರುದ್ಧ. ಹಳೆಯ ಪ್ರೋಗ್ರಾಮು ಅಸ್ಪಷ್ಟ ಸಾಲು ಕಂಡರೆ ಎರರ್ ಕೊಟ್ಟು ನಿಲ್ಲುತ್ತಿತ್ತು. ಭಾಷಾ ಮಾದರಿ ನಿಲ್ಲುವುದಿಲ್ಲ, ಖಾಲಿ ಜಾಗಕ್ಕೆ ಹೊಂದುವುದೇನನ್ನೋ ತುಂಬಿಕೊಂಡು ಮುಂದೆ ಹೋಗುತ್ತದೆ. ತಪ್ಪು ಗೊತ್ತಾಗುವುದು ಟೆಂಪೋ ಬಂದು ಸಾಮಾನು ಇಳಿಸಿದ ಮೇಲೆ. ಓದುವವನ ಊಹೆ ಎಷ್ಟು ಚುರುಕೋ, ಬರೆಯುವವನ ಬಿಗಿ ಅಷ್ಟು ಹೆಚ್ಚಬೇಕು.

ಸಂದೇಶವೂ ಒಂದು ಕೆಲಸ

1955ರಲ್ಲಿ ಹಾರ್ವರ್ಡ್‌ನಲ್ಲಿ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ ಕೊಟ್ಟ ಉಪನ್ಯಾಸಗಳು 1962ರಲ್ಲಿ ಪುಸ್ತಕವಾದವು. ಮಾತು ಸಂಗತಿಯನ್ನು ವರ್ಣಿಸುವುದಷ್ಟೇ ಅಲ್ಲ, ಮಾತಾಡುವುದೇ ಒಂದು ಕೆಲಸ ಮಾಡಿದಂತೆ ಎಂದು ಅವರು ತೋರಿಸಿದರು. “ಕೊಡುತ್ತೇನೆ” ಎಂದಾಗ ಒಂದು ವಚನ ಹುಟ್ಟುತ್ತದೆ, “ಕೊಡು” ಎಂದಾಗ ಒಂದು ಕೋರಿಕೆ. ಜಾನ್ ಸರ್ಲ್ 1969ರಲ್ಲಿ ಇದನ್ನು ಇನ್ನಷ್ಟು ವಿಂಗಡಿಸಿದರು. ಏಜೆಂಟುಗಳ ಸಂವಹನ ಭಾಷೆಗಳೆಲ್ಲ ಈ ಬುಡದಿಂದಲೇ ಬಂದವು. 1990ರ ದಶಕದ ಆರಂಭದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನೆರವಿನ ಯೋಜನೆಯಲ್ಲಿ ಕೆಕ್ಯೂಎಂಎಲ್ ಎಂಬ ಭಾಷೆ ಹುಟ್ಟಿತು. ಏಜೆಂಟುಗಳಿಗೆ ಮಾನದಂಡ ರೂಪಿಸಲು 1996ರಲ್ಲಿ ಶುರುವಾದ ಫೀಪಾ ಸಂಸ್ಥೆ ತನ್ನದೇ ಎಸಿಎಲ್ (ಏಜೆಂಟ್ ಸಂವಹನ ಭಾಷೆ) ರೂಪಿಸಿತು. 2005ರಲ್ಲಿ ಆ ಸಂಸ್ಥೆ ಐಇಇಇ ಕಂಪ್ಯೂಟರ್ ಸೊಸೈಟಿಯ ಒಳಗೆ ಸೇರಿತು. ಕೆಕ್ಯೂಎಂಎಲ್ ಸೋತದ್ದು ಎಲ್ಲಿ ಅನ್ನುವುದು ಇಂದಿಗೂ ಪಾಠ: ಕೇಳು, ತಿಳಿಸು ಥರದ ಕ್ರಿಯಾಪದಗಳ ಅರ್ಥವನ್ನು ಸಡಿಲವಾಗಿ ಬಿಟ್ಟದ್ದರಿಂದ ಒಂದೊಂದು ತಂಡವೂ ತನಗೆ ಬೇಕಾದ ಹಾಗೆ ಬಳಸಿತು. ಹೆಸರು ಒಂದೇ, ಒಳಭಾಷೆಗಳು ಹಲವು. ಒಬ್ಬರ ಏಜೆಂಟು ಇನ್ನೊಬ್ಬರದರ ಜೊತೆ ಮಾತಾಡಲಿಲ್ಲ.

ಫೀಪಾದಲ್ಲಿ 22 ಸಂವಹನ ಕ್ರಿಯೆಗಳಿವೆ. ದಿನನಿತ್ಯಕ್ಕೆ ಹತ್ತು–ಹನ್ನೆರಡು ಸಾಕು: ತಿಳಿಸುವ ಇನ್‌ಫಾರ್ಮ್, ಮಾಡೆಂದು ಕೇಳುವ ರಿಕ್ವೆಸ್ಟ್, ಹೌದೋ ಅಲ್ಲವೋ ಎಂದು ಕೇಳುವ ಕ್ವೆರಿ-ಇಫ್, ದರಪಟ್ಟಿ ಕರೆಯುವ ಸಿಎಫ್‌ಪಿ, ದರ ಹೇಳುವ ಪ್ರಪೋಸ್, ಅದನ್ನು ಒಪ್ಪುವ ಮತ್ತು ತಳ್ಳಿಹಾಕುವ ಎರಡು, ಮಾಡುತ್ತೇನೆ ಅನ್ನುವ ಅಗ್ರೀ, ಆಗುವುದಿಲ್ಲ ಅನ್ನುವ ರಿಫ್ಯೂಸ್, ಹೊರಟೆ ಆದರೆ ಆಗಲಿಲ್ಲ ಅನ್ನುವ ಫೇಲ್ಯೂರ್, ಹಿಂತೆಗೆಯುವ ಕ್ಯಾನ್ಸಲ್, ಮತ್ತು ನಾಟ್-ಅಂಡರ್‌ಸ್ಟುಡ್. ರಿಫ್ಯೂಸ್ ಮತ್ತು ಫೇಲ್ಯೂರ್ ಎರಡನ್ನೂ ಒಂದೇ “ಎರರ್” ಡಬ್ಬಕ್ಕೆ ಹಾಕುವವರು ಬಹಳ. ಹಾಕಬೇಡಿ. ರಿಫ್ಯೂಸ್ ಬಂದರೆ ಆ ಕಡೆ ಏನೂ ನಡೆದಿಲ್ಲ, ಬೇರೆ ವರ್ತಕರನ್ನು ಕೇಳಬಹುದು. ಫೇಲ್ಯೂರ್ ಬಂದರೆ ಕೆಲಸ ಅರ್ಧ ನಡೆದಿರಬಹುದು: ಸಾಮಾನು ಲೋಡ್ ಆಗಿ ಗಾಡಿ ಸಯನ್–ಪನ್ವೇಲ್ ರಸ್ತೆಯಲ್ಲಿ ನಿಂತಿರಬಹುದು. ಮುಂದೆ ಇಡಬೇಕಾದ ಹೆಜ್ಜೆಗಳೇ ಬೇರೆ.

ಲಕೋಟೆಯ ಮೇಲೆ ಏನಿರಬೇಕು

ಫೀಪಾ ಸಂದೇಶದಲ್ಲಿ 13 ಅಂಕಣಗಳು. ಕಡ್ಡಾಯವಾದದ್ದು ಒಂದೇ, ಕ್ರಿಯೆ. ಉಳಿದವು ಐಚ್ಛಿಕ ಅಂತ ಬರೆದಿದ್ದರೂ ಕೆಲವನ್ನು ಬಿಟ್ಟರೆ ವ್ಯವಸ್ಥೆ ನಡೆಯುವುದಿಲ್ಲ. ತೆಂಗಿನಕಾಯಿಯ ಭಾಗವನ್ನಷ್ಟೇ ತೆಗೆದುಕೊಂಡು ಸರಿಯಾಗಿ ಬರೆದರೆ ಹೀಗಿರುತ್ತದೆ:

ಕ್ರಿಯೆ: ಸಿಎಫ್‌ಪಿ
ಕಳಿಸಿದ್ದು: ಹೋಟೆಲ್-ಖರೀದಿ
ಯಾರಿಗೆ: ವರ್ತಕ-1, ವರ್ತಕ-2, ವರ್ತಕ-3, ವರ್ತಕ-4
ಪ್ರೋಟೋಕಾಲ್: ಕಾಂಟ್ರಾಕ್ಟ್ ನೆಟ್
ಸಂವಾದ ಸಂಖ್ಯೆ: ಖ-20250911-07
ಉತ್ತರದಲ್ಲಿ ನಮೂದಿಸಬೇಕಾದ ಗುರುತು: ಕೋ-01
ಉತ್ತರದ ಗಡುವು: 2025-09-12, 00:30:00, +05:30
ಪದಕೋಶ: ದಿನಸಿ, ಆವೃತ್ತಿ 3
ವಿಷಯ: ವಸ್ತು = ಸುಲಿದ ತೆಂಗಿನಕಾಯಿ; ಪ್ರಮಾಣ = 100; ಅಳತೆ = ಎಣಿಕೆ; ಒಂದರ ಕನಿಷ್ಠ ತೂಕ = 450 ಗ್ರಾಂ; ತಲುಪಬೇಕಾದ ಸಮಯ = 2025-09-12, 05:30:00, +05:30

ಹೆಚ್ಚಾಗಿ ಬಿಟ್ಟುಹೋಗುವುದು ಮೂರು. ಮೊದಲನೆಯದು ಸಂವಾದ ಸಂಖ್ಯೆ. ಇದು ಇಲ್ಲದಿದ್ದರೆ ಒಬ್ಬರೇ ವರ್ತಕರ ಜೊತೆ ಕಾಯಿ ಮತ್ತು ಅಕ್ಕಿಯ ಎರಡು ಮಾತುಕತೆ ಏಕಕಾಲಕ್ಕೆ ನಡೆದಾಗ “ಒಪ್ಪಿಗೆ” ಅನ್ನುವುದು ಯಾವುದಕ್ಕೆ ಬಂತೆಂದು ಗೊತ್ತಾಗುವುದಿಲ್ಲ. ಎರಡನೆಯದು, ಯಾವ ಸಂದೇಶಕ್ಕೆ ಉತ್ತರ ಅನ್ನುವ ಗುರುತು. ಸಂವಾದ ಸಂಖ್ಯೆ ಇದ್ದರೂ ಇದು ಬೇಕು, ಏಕೆಂದರೆ ಒಂದೇ ಸಂವಾದದಲ್ಲಿ ದರ ಎರಡು ಸಲ ಬದಲಾಗಿದ್ದರೆ ಒಪ್ಪಿದ್ದು ಯಾವ ದರಕ್ಕೆ ಎಂಬುದು ಇದರಿಂದಲೇ ತಿಳಿಯಬೇಕು. ಮೂರನೆಯದು ಗಡುವು. ಗಡುವಿಲ್ಲದ ಪ್ರಶ್ನೆಗೆ ಮೌನವೂ ಉತ್ತರವಲ್ಲ, ಕೇಳಿದ ಏಜೆಂಟು ಕಾಯುತ್ತಲೇ ಇರುತ್ತದೆ.

ಫೀಪಾ ರೀತಿಯ ಏಜೆಂಟು ಕಟ್ಟಲು ಬಳಸುವ ಜಾವಾದ ಜೇಡ್ ಚೌಕಟ್ಟಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಉತ್ತರವನ್ನು ಹೊಸ ಸಂದೇಶವಾಗಿ ಕೈಯಲ್ಲಿ ಕಟ್ಟಬೇಡಿ, ಕ್ರಿಯೇಟ್-ರಿಪ್ಲೈ ಬಳಸಿ, ಸಂವಾದ ಸಂಖ್ಯೆ, ಉತ್ತರದ ಗುರುತು, ಪ್ರೋಟೋಕಾಲ್, ಪದಕೋಶ ಎಲ್ಲ ತಾನಾಗಿ ನಕಲಾಗುತ್ತವೆ. ಅದೇ ಚೌಕಟ್ಟಿನಲ್ಲಿ ರಿಸೀವ್ ಕರೆ ಸಂದೇಶ ಇಲ್ಲದಿದ್ದರೆ ಕಾಯುವುದಿಲ್ಲ, ನಲ್ (ಖಾಲಿ ಉತ್ತರ) ಕೊಡುತ್ತದೆ. ಆಗ ಬ್ಲಾಕ್ ಕರೆಯದೆ ಬಿಟ್ಟರೆ ಆ ಬಿಹೇವಿಯರ್ (ಏಜೆಂಟಿನ ಒಂದು ಕೆಲಸದ ತುಣುಕು) ಸುತ್ತುತ್ತಲೇ ಇದ್ದು ಸಿಪಿಯು ತಿಂದುಹಾಕುತ್ತದೆ. ಬ್ಲಾಕ್ ಅನ್ನುವುದು ಕರೆದ ಜಾಗದಲ್ಲಿ ನಿಲ್ಲಿಸುವುದಿಲ್ಲ, ಈ ಸುತ್ತು ಮುಗಿದ ಮೇಲೆ ಹೊಸ ಸಂದೇಶ ಬರುವ ತನಕ ಬದಿಗಿಡು ಎಂದು ಗುರುತು ಹಾಕುತ್ತದೆ. ಬ್ಲಾಕಿಂಗ್-ರಿಸೀವ್ ಮಾತ್ರ ನಿಜಕ್ಕೂ ನಿಲ್ಲಿಸುತ್ತದೆ. ಆದರೆ ಏಜೆಂಟಿಗೆ ಇರುವುದು ಒಂದೇ ಥ್ರೆಡ್ (ಕೋಡು ಓಡುವ ಎಳೆ), ಹಾಗಾಗಿ ಉಳಿದ ಬಿಹೇವಿಯರ್‌ಗಳೆಲ್ಲ ಅದರ ಜೊತೆ ನಿಂತುಹೋಗುತ್ತವೆ.

ದರ ಕರೆಯುವ ಸುತ್ತು

ಮೇಲಿನ ಸಂದೇಶ ಸೇರಿರುವ ಪ್ರೋಟೋಕಾಲು, ಅಂದರೆ ಯಾವ ಸಂದೇಶದ ಮೇಲೆ ಯಾವುದು ಎಂಬ ಕಟ್ಟಳೆ, ಕಾಂಟ್ರಾಕ್ಟ್ ನೆಟ್. 1980ರಲ್ಲಿ ರೀಡ್ ಸ್ಮಿತ್ ಪ್ರಕಟಿಸಿದ್ದು, ಇವತ್ತಿಗೂ ಇದಕ್ಕಿಂತ ಸರಳವಾದದ್ದು ಬಂದಿಲ್ಲ. ಕೇಳುವವನು ಎಲ್ಲರಿಗೂ ಸಿಎಫ್‌ಪಿ ಕಳಿಸುತ್ತಾನೆ. ಗಡುವಿನೊಳಗೆ ಪ್ರಪೋಸ್ ಅಥವಾ ರಿಫ್ಯೂಸ್ ಬರುತ್ತದೆ. ಬಂದದ್ದರಲ್ಲಿ ಆಯ್ದು ಒಬ್ಬರಿಗೆ ಒಪ್ಪಿಗೆ, ಉಳಿದವರಿಗೆ ತಿರಸ್ಕಾರ. ಕೆಲಸ ಮುಗಿದ ಮೇಲೆ ಗೆದ್ದವರಿಂದ ಇನ್‌ಫಾರ್ಮ್, ಇಲ್ಲವೇ ಫೇಲ್ಯೂರ್.

ಕೈಕೊಡುವ ಜಾಗಗಳು ಇಂಥವು. ಗಡುವು ದಾಟಿ ಬಂದ ಪ್ರಪೋಸ್‌ಗೂ ತಿರಸ್ಕಾರ ಕಳಿಸಲೇಬೇಕು. ಕಳಿಸದಿದ್ದರೆ ಆ ವರ್ತಕರ ಏಜೆಂಟು ನೂರು ಕಾಯಿಯನ್ನು ನಿಮ್ಮ ಹೆಸರಿಗೆ ಎತ್ತಿಟ್ಟುಕೊಂಡೇ ಕೂರುತ್ತದೆ. ಸೋತವರಿಗೆ ಹೇಳದೆ ಬಿಡುವುದು ಕೋಡಿನಲ್ಲಿ ಅತಿ ಹೆಚ್ಚು ಕಾಣುವ ಲೋಪ. ಪ್ರಪೋಸ್‌ಗೆ ಅದರದೇ ಅವಧಿ ಇರಬೇಕು: “ಈ ದರ 01:00ರ ತನಕ.” ಅವಧಿ ಮುಗಿದ ಮೇಲೆ ಬಂದ ಒಪ್ಪಿಗೆಗೆ ವರ್ತಕರ ಏಜೆಂಟು ಫೇಲ್ಯೂರ್ ಕೊಡಬೇಕೇ ಹೊರತು ಹೊಸ ದರ ಹಾಕಿ ಸಾಮಾನು ಕಳಿಸಬಾರದು. ಇನ್ನೊಂದು, ಮಾರುವವರ ಏಜೆಂಟು ಒಂದೇ ದಾಸ್ತಾನನ್ನು ಮೂರು ಕಡೆ ಪ್ರಪೋಸ್ ಮಾಡಿರಬಹುದು. ಮೂವರೂ ಒಪ್ಪಿದರೆ ಇಬ್ಬರಿಗೆ ಮಾತು ತಪ್ಪುತ್ತದೆ. ಪ್ರಪೋಸ್ ಮಾಡಿದ ತಕ್ಷಣ ದಾಸ್ತಾನಿನಿಂದ ಆ ಪ್ರಮಾಣವನ್ನು ಅವಧಿ ಮುಗಿಯುವ ತನಕ ಕಟ್ಟಿಡುವುದು ಸುರಕ್ಷಿತ ದಾರಿ.

ಸಂದೇಶಗಳ ಸರದಿಯೂ ಕೈಕೊಡುತ್ತದೆ. ಇಬ್ಬರ ನಡುವೆ ಕಳಿಸಿದ ಕ್ರಮದಲ್ಲೇ ತಲುಪುವ ಹಾಗೆ ಮಾಡಬಹುದು. ಮೂರನೆಯವರು ನಡುವೆ ಬಂದರೆ ಆ ಭರವಸೆ ಹೋಯಿತು: ಹೋಟೆಲ್ ಏಜೆಂಟು ಕಳಿಸಿದ ಆರ್ಡರನ್ನು ವರ್ತಕರ ಏಜೆಂಟು ಸಾಗಣೆ ಏಜೆಂಟಿಗೆ ದಾಟಿಸುವ ಮುಂಚೆಯೇ ಹೋಟೆಲಿನ ಕ್ಯಾನ್ಸಲ್ ನೇರವಾಗಿ ಸಾಗಣೆಯವರಿಗೆ ಮುಟ್ಟಿರುತ್ತದೆ. ಗೊತ್ತಿಲ್ಲದ ಆರ್ಡರಿಗೆ ಕ್ಯಾನ್ಸಲ್ ಬಂತೆಂದು ಸಾಗಣೆ ಏಜೆಂಟು ಅದನ್ನು ಎಸೆಯುತ್ತದೆ, ಆಮೇಲೆ ಆರ್ಡರು ಬರುತ್ತದೆ, ಗಾಡಿ ಹೊರಡುತ್ತದೆ. ಪರಿಚಯವಿಲ್ಲದ ಸಂವಾದ ಸಂಖ್ಯೆಗೆ ಬಂದ ಕ್ಯಾನ್ಸಲನ್ನು ಎಸೆಯದೆ ನೆನಪಿಟ್ಟುಕೊಳ್ಳುವುದೇ ಪರಿಹಾರ.

ಒಳಗಿನ ವಿಷಯ

ನನ್ನ ದೃಷ್ಟಿಯಲ್ಲಿ ಮುಕ್ಕಾಲು ಪಾಲು ತೊಂದರೆ ಇಲ್ಲೇ ಇದೆ. ಕ್ರಿಯೆ ಸರಿ, ಲಕೋಟೆ ಸರಿ, ಅಂಕಣಗಳ ರೂಪ ನೋಡುವ ಸ್ಕೀಮಾ ತಪಾಸಣೆಯೂ ಪಾಸಾಗಿದೆ, ಆದರೂ ಎರಡು ಕಡೆಯವರು ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡುತ್ತಿರುತ್ತಾರೆ. “ಪ್ರಮಾಣ 100, ಅಳತೆ ಕಿಲೋ” ಅನ್ನುವುದು ವ್ಯಾಕರಣದಲ್ಲಿ ನಿರ್ದೋಷ. ಬೇಕಾಗಿದ್ದದ್ದು ನೂರು ಕಾಯಿ; 450 ಗ್ರಾಮಿನ ಕಾಯಿಯಾದರೆ 45 ಕಿಲೋ ಮಾತ್ರ. ಅಳತೆ ತಪ್ಪಿದರೆ ಎರಡರಷ್ಟಕ್ಕಿಂತ ಹೆಚ್ಚು ಕಾಯಿ ಬಂದು ಬೀಳುತ್ತದೆ.

ಇದಕ್ಕೆ ಮದ್ದು ಇಬ್ಬರೂ ಒಪ್ಪಿದ ಪದಕೋಶ, ಅಂದರೆ ಆಂಟಾಲಜಿ. ದೊಡ್ಡ ಹೆಸರಿಗೆ ಹೆದರಬೇಕಿಲ್ಲ, ಮೂವತ್ತು–ನಲವತ್ತು ಸಾಲಿನ ಕಡತದಿಂದ ಶುರು ಮಾಡಬಹುದು. ಪ್ರತಿ ವಸ್ತುವಿಗೆ ಒಂದು ಸಂಕೇತ. ಉದ್ದು ಅಂದರೆ ಗೋಟಾ, ಒಡೆದ ಬೇಳೆ, ಸಿಪ್ಪೆಯಿರುವ ಬೇಳೆ, ಮೂರಕ್ಕೂ ಬೇರೆ ಬೇರೆ. ಬ್ಯಾಡಗಿ ಕಡ್ಡಿಗೂ ಡಬ್ಬಿಗೂ ಬೇರೆ. ಬರೀ “ಬ್ಯಾಡಗಿ” ಅನ್ನುವ ಮೇಲಿನ ಪದವನ್ನು ವಿಚಾರಣೆಯಲ್ಲಿ ಬಳಸಬಹುದು, ಆರ್ಡರಿನಲ್ಲಿ ಬಳಸಬಾರದು ಎಂಬ ನಿಯಮವೂ ಅಲ್ಲೇ ಇರಲಿ. “ಚೀಲ” ಅನ್ನುವ ಅಳತೆಯನ್ನು ಪದಕೋಶಕ್ಕೆ ಸೇರಿಸಲೇಬೇಡಿ. ಕಿಲೋದಲ್ಲಿ ಬರೆದು, ಪ್ಯಾಕಿಂಗ್ ಎಷ್ಟೆಷ್ಟರದ್ದು ಎಂದು ಬೇರೆ ಅಂಕಣ ಕೊಡಿ. ಪದದ ಅರ್ಥ ಬದಲಾಯಿಸಬೇಕಾದರೆ ಹಳೆಯ ಸಂಕೇತವನ್ನು ಮುಟ್ಟದೆ ಹೊಸದನ್ನು ಸೇರಿಸಿ, ಆವೃತ್ತಿ ಏರಿಸಿ. ಹಳೆಯ ಹೆಸರಿಗೆ ಹೊಸ ಅರ್ಥ ಕೊಟ್ಟರೆ ಎರಡೂ ಕಡೆ ಎಲ್ಲ ತಪಾಸಣೆ ಪಾಸಾಗಿ ಸಾಮಾನು ಮಾತ್ರ ತಪ್ಪಿರುತ್ತದೆ. ಈ ಬಗೆಯ ದೋಷ ಹುಡುಕುವುದು ಬಹಳ ಕಷ್ಟ.

ಸಮಯ ಬರೆಯುವಾಗ ವಲಯದ ಅಂತರ ಬಿಡಬೇಡಿ. ಭಾರತದ ಬೆಳಗಿನ 5:30 ಅಂದರೆ ಜಾಗತಿಕ ಸಮಯವಾದ ಯುಟಿಸಿಯಲ್ಲಿ ಸರಿಯಾಗಿ ಮಧ್ಯರಾತ್ರಿ 00:00. +05:30 ಬಿಟ್ಟುಹೋಗಿ ಸರ್ವರು ಅದನ್ನು ಯುಟಿಸಿ ಎಂದು ಓದಿಕೊಂಡರೆ ಸಾಮಾನು ತಲುಪುವ ಹೊತ್ತು ಬೆಳಗಿನ 11 ಆಗುತ್ತದೆ, ಅಷ್ಟರಲ್ಲಿ ತಿಂಡಿ ಹೊತ್ತು ಮುಗಿದಿರುತ್ತದೆ. “ನಾಳೆ”, “ಬೆಳಿಗ್ಗೆ” ಮುಂತಾದವು ಸಂದೇಶದೊಳಗೆ ಬರಲೇಬಾರದು. ಕಳಿಸುವವರ ಕಡೆಯಲ್ಲೇ ತಾರೀಖಾಗಿ ಬದಲಾಗಬೇಕು. 03/04 ಎಂದು ಬರೆಯುವ ಅಭ್ಯಾಸವೂ ಬೇಡ, ವರ್ಷ–ತಿಂಗಳು–ದಿನ ಕ್ರಮವೇ ಸರಿ.

ಹಣದಲ್ಲಿ ಎರಡು ಸಂಪ್ರದಾಯ ಇವೆ. ಕಾರ್ಡು ವ್ಯವಹಾರದ ಐಎಸ್‌ಓ 8583 ಸಂದೇಶದಲ್ಲಿ ಮೊತ್ತ 12 ಅಂಕೆಗಳ ಅಂಕಣ, ದಶಮಾಂಶ ಚುಕ್ಕೆ ಇಲ್ಲ, 000000010000 ಅಂದರೆ ನೂರು ರೂಪಾಯಿ. ಯುಪಿಐ ಲಿಂಕಿನಲ್ಲಿ ಅದೇ ಮೊತ್ತ 100.00. ಒಂದನ್ನು ಇನ್ನೊಂದೆಂದು ಓದಿದರೆ ನೂರು ಪಟ್ಟು ವ್ಯತ್ಯಾಸ. ಅಂಕಣದ ಹೆಸರಿನಲ್ಲೇ “ಮೊತ್ತ-ಪೈಸೆ” ಎಂದು ಬರೆದುಬಿಡಿ, ಪೂರ್ಣಾಂಕವಾಗಿ ಇಡಿ. ಫ್ಲೋಟಿಂಗ್ ಪಾಯಿಂಟು (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ರೀತಿ) ಹಣಕ್ಕೆ ಆಗುವುದಿಲ್ಲ. ಪ್ರೋಗ್ರಾಮುಗಳು ಮಾಹಿತಿ ಕಳಿಸುವ ಪಠ್ಯರೂಪವಾದ ಜೇಸನ್‌ನಲ್ಲಿ ಉದ್ದದ ಗುರುತು ಸಂಖ್ಯೆಗಳನ್ನು ಅಂಕಿಯಾಗಿ ಕಳಿಸಿದರೆ 9007199254740992 ದಾಟಿದ ಮೇಲೆ ಜಾವಾಸ್ಕ್ರಿಪ್ಟ್ ಕೊನೆಯ ಅಂಕೆಗಳನ್ನು ಸದ್ದಿಲ್ಲದೆ ಬದಲಿಸಬಹುದು. ಗುರುತುಗಳೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರಲಿ.

ನಮ್ಮ ಲಿಪಿಯಲ್ಲಿ ವಸ್ತುವಿನ ಹೆಸರು ಕಳಿಸುವವರಿಗೆ ಇನ್ನೊಂದು ತಾಪತ್ರಯ ಉಂಟು. “ಗೋಧಿ” ಪದದ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬೈಟುಗಳು ಬೇರೆ, ಹೋಲಿಕೆ ಸೋಲುತ್ತದೆ. ಸಂದೇಶ ಬಂದ ಕೂಡಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿದ ಯುನಿಕೋಡ್ ರೂಪಕ್ಕೆ, ತಂದರೆ ಇದು ಸರಿಹೋಗುತ್ತದೆ. ಆದರೆ ಒತ್ತಕ್ಷರ ತಡೆಯಲು ನಾವು ಹಾಕುವ ಅದೃಶ್ಯ ಜೋಡಿಮುರಿ ಚಿಹ್ನೆಯನ್ನು (ಜೀರೋ ವಿಡ್ತ್ ನಾನ್-ಜಾಯಿನರ್) ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ಹೋಲಿಸುವ ಮುಂಚೆ ನೀವೇ ತೆಗೆಯಬೇಕು. ಇದಕ್ಕೆಲ್ಲ ನೇರ ಉಪಾಯ: ಹೋಲಿಕೆ ಸಂಕೇತದ ಮೇಲೆ ನಡೆಯಲಿ, ಕನ್ನಡದ ಹೆಸರು ಮನುಷ್ಯರಿಗೆ ತೋರಿಸಲು ಇರಲಿ.

ಅರ್ಥ ಎಲ್ಲಿರುತ್ತದೆ

ಒಂದು ಇನ್‌ಫಾರ್ಮ್ ಕಳಿಸಿದರೆ ಏನು ಆಯಿತು ಎಂದರ್ಥ? ಫೀಪಾ ಇದಕ್ಕೆ ಮನಸ್ಸಿನ ಭಾಷೆಯಲ್ಲಿ ಉತ್ತರ ಕೊಟ್ಟಿತು. ಕಳಿಸುವವನು ಆ ಸಂಗತಿಯನ್ನು ನಂಬಿರಬೇಕು, ಎದುರಿನವನಿಗೆ ಅದು ಗೊತ್ತಿದೆ ಎಂದು ನಂಬಿರಬಾರದು, ಎದುರಿನವನು ನಂಬಲಿ ಎಂಬುದು ಅದರ ಗುರಿ. ಓದಲು ಅಚ್ಚುಕಟ್ಟು. ಅಡಚಣೆ ಏನೆಂದರೆ ಇನ್ನೊಬ್ಬರ ಏಜೆಂಟು ಏನು ನಂಬಿದೆ ಎಂದು ಹೊರಗಿನಿಂದ ನೋಡಲು ದಾರಿಯೇ ಇಲ್ಲ. ವರ್ತಕರ ಪ್ರೋಗ್ರಾಮು “ದಾಸ್ತಾನು ಇದೆ” ಎಂದಾಗ ಅದು ನಿಜಕ್ಕೂ ನಂಬಿ ಹೇಳಿತೋ ಸುಮ್ಮನೆ ಹೇಳಿತೋ, ಯಾವ ತಪಾಸಣೆಯಿಂದಲೂ ಗೊತ್ತಾಗದು. 1998ರಲ್ಲಿ ಮುನೀಂದರ್ ಸಿಂಗ್ ಇದೇ ಆಕ್ಷೇಪ ಎತ್ತಿ, ಅರ್ಥವನ್ನು ಏಜೆಂಟಿನ ಒಳಗಿನಿಂದ ಹೊರಗೆ ತರಬೇಕು, ಎಲ್ಲರೂ ನೋಡಬಲ್ಲ ಸಾಮಾಜಿಕ ಬದ್ಧತೆಗಳಲ್ಲಿ ಇಡಬೇಕು ಎಂದು ವಾದಿಸಿದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ಉಪಯೋಗದ ವಿಚಾರ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ಬದ್ಧತೆಗೆ ನಾಲ್ಕು ಭಾಗ: ಯಾರು ಬದ್ಧರು, ಯಾರಿಗೆ, ಯಾವುದು ನಡೆದರೆ, ಏನು ಮಾಡಲು. ವರ್ತಕ-2 “ನೂರು ಕಾಯಿ, ಒಂದಕ್ಕೆ ಇಷ್ಟು ಪೈಸೆ, ಬೆಳಗಿನ 5:30ಕ್ಕೆ” ಎಂದು ಪ್ರಪೋಸ್ ಕಳಿಸಿದ ಕ್ಷಣ ಒಂದು ಷರತ್ತಿನ ಬದ್ಧತೆ ಹುಟ್ಟಿತು. ಹೋಟೆಲ್ ಒಪ್ಪಿದರೆ ಷರತ್ತು ಕಳಚಿ ಅದು ಪೂರ್ತಿ ಬದ್ಧತೆಯಾಗುತ್ತದೆ. ಸಾಮಾನು ತಲುಪಿದರೆ ತೀರುತ್ತದೆ. ವರ್ತಕರೇ ಹಿಂದೆ ಸರಿದರೆ ರದ್ದು. ಹೋಟೆಲ್ “ಬೇಡ ಬಿಡಿ” ಎಂದರೆ ಬಿಡುಗಡೆ. ಇನ್ನೊಬ್ಬ ವರ್ತಕರಿಗೆ ದಾಟಿಸಿದರೆ ವಹಿಕೆ. ಇದನ್ನು ಒಂದು ಟೇಬಲಿನಲ್ಲಿ ಇಡಬಹುದು: ಬದ್ಧತೆಯ ಗುರುತು, ಆ ನಾಲ್ಕು ಭಾಗ, ಈಗಿನ ಸ್ಥಿತಿ, ಸ್ಥಿತಿ ಬದಲಿಸಿದ ಸಂದೇಶದ ಗುರುತು. ಜಗಳ ಬಂದಾಗ ಯಾವ ಮಾದರಿ ಏನು ಯೋಚಿಸಿತು ಎಂದು ಕೆದಕುವ ಅಗತ್ಯ ಬೀಳುವುದಿಲ್ಲ, ಟೇಬಲಿನ ಸಾಲು ಓದಿದರೆ ಆಯಿತು.

ನಮ್ಮ ಕಾನೂನೂ ಇದೇ ದಿಕ್ಕಿನಲ್ಲಿದೆ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಕಲಮಿನ ಪ್ರಕಾರ, ತಾನಾಗಿ ಕೆಲಸ ಮಾಡುವಂತೆ ಒಬ್ಬರು ಪ್ರೋಗ್ರಾಂ ಮಾಡಿಸಿದ ವ್ಯವಸ್ಥೆ ಕಳಿಸಿದ ವಿದ್ಯುನ್ಮಾನ ದಾಖಲೆ ಅವರೇ ಕಳಿಸಿದಂತೆ. “ಏಜೆಂಟು ಕಳಿಸಿತು, ನಾನಲ್ಲ” ಎಂಬ ಮಾತಿಗೆ ಇಲ್ಲಿ ಜಾಗ ಬಹಳ ಕಡಿಮೆ. 12ನೇ ಕಲಮು ಇನ್ನೂ ಉಪಯುಕ್ತ: ಸ್ವೀಕೃತಿ ಬಂದರೆ ಮಾತ್ರ ಈ ದಾಖಲೆ ಬದ್ಧ ಎಂದು ಕಳಿಸುವವರು ಮೊದಲೇ ಷರತ್ತು ಹಾಕಿದ್ದರೆ, ಸ್ವೀಕೃತಿ ಬರದ ದಾಖಲೆಯನ್ನು ಕಳಿಸಿಯೇ ಇಲ್ಲ ಎಂದು ಭಾವಿಸಲಾಗುತ್ತದೆ. ಒಪ್ಪಿಗೆ ಸಂದೇಶದಲ್ಲಿ ಆ ಷರತ್ತನ್ನು ಒಂದು ಅಂಕಣವಾಗಿ ಸೇರಿಸುವುದು ಒಂದು ಸಾಲಿನ ಕೆಲಸ.

ತಲುಪಿತೋ ಇಲ್ಲವೋ

ಒಪ್ಪಿಗೆ ಕಳಿಸಿದಿರಿ, ಉತ್ತರ ಬರಲಿಲ್ಲ. ಸಂದೇಶ ದಾರಿಯಲ್ಲಿ ಕಳೆಯಿತೋ, ತಲುಪಿ ಉತ್ತರ ಕಳೆಯಿತೋ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ. ಎಷ್ಟು ಸುತ್ತು ಸ್ವೀಕೃತಿಗೆ ಸ್ವೀಕೃತಿ ಕಳಿಸಿದರೂ ಈ ಅನಿಶ್ಚಯ ಪೂರ್ತಿ ಹೋಗುವುದಿಲ್ಲ ಎಂಬುದು ಇಬ್ಬರು ಸೇನಾಪತಿಗಳ ಸಮಸ್ಯೆ ಎಂಬ ಹೆಸರಿನಲ್ಲಿ ಸಾಬೀತಾಗಿರುವ ಸಂಗತಿ. ಆದ್ದರಿಂದ ಟೈಮ್‌ಔಟ್ ಆದದ್ದನ್ನು, ಅಂದರೆ ಕಾಯುವ ಅವಧಿ ಮುಗಿದದ್ದನ್ನು, ಸೋತಿತು ಎಂದು ದಾಖಲಿಸಬಾರದು. “ತಿಳಿಯದು” ಎಂಬ ಮೂರನೇ ಸ್ಥಿತಿ ಬೇಕೇ ಬೇಕು.

ಬಾಂದ್ರಾ–ಕುರ್ಲಾದಲ್ಲಿ ಕಚೇರಿ ಇರುವ ಎನ್‌ಪಿಸಿಐ ನಡೆಸುವ ಯುಪಿಐ ಇದಕ್ಕೆ ಒಳ್ಳೆಯ ಮಾದರಿ. ಪಾವತಿ ಕೋರಿಕೆ ತಲುಪಿದ ತಕ್ಷಣ ಒಂದು ಸ್ವೀಕೃತಿ ಬರುತ್ತದೆ, ಅದು ತಲುಪಿತು ಎನ್ನುವುದಕ್ಕೆ ಮಾತ್ರ. ಹಣ ಹೋಯಿತೋ ಇಲ್ಲವೋ ಎಂಬುದು ಆಮೇಲೆ ಪ್ರತ್ಯೇಕ ಸಂದೇಶದಲ್ಲಿ. ಅದೂ ಬರದಿದ್ದರೆ ವ್ಯವಹಾರದ ಸ್ಥಿತಿ ಕೇಳಲು ಬೇರೆಯೇ ಕರೆ ಇದೆ. ಪಾವತಿಯನ್ನು ಮತ್ತೊಮ್ಮೆ ಹೊಸದಾಗಿ ಕಳಿಸುವುದಲ್ಲ. ನಿಮ್ಮ ಏಜೆಂಟುಗಳಿಗೂ ಈ ಮೂರನ್ನೂ ಬೇರೆ ಬೇರೆಯಾಗಿ ಕೊಡಿ.

ಮತ್ತೆ ಕಳಿಸುವುದು ಅನಿವಾರ್ಯವಾದಾಗ ಸಂದೇಶದ ಗುರುತನ್ನು ಕಳಿಸುವವರೇ ಹುಟ್ಟಿಸಬೇಕು, ಮೊದಲ ಸಲ ಕಳಿಸುವ ಮುಂಚೆಯೇ ಡಿಸ್ಕಿಗೆ ಬರೆದಿರಬೇಕು. ಕಳಿಸಿದ ಮೇಲೆ ಬರೆಯುವ ಕ್ರಮ ಇಟ್ಟರೆ ನಡುವೆ ಪ್ರೋಗ್ರಾಮು ಬಿದ್ದೆದ್ದಾಗ ಹೊಸ ಗುರುತು ಹುಟ್ಟಿ ಎರಡು ಆರ್ಡರ್ ಆಗುತ್ತದೆ. ಪಡೆಯುವವರು ಗುರುತಿನ ಜೊತೆ ತಾವು ಕೊಟ್ಟ ಉತ್ತರವನ್ನೂ ಉಳಿಸಿ, ಅದೇ ಗುರುತು ಮತ್ತೆ ಬಂದರೆ ಕೆಲಸ ಮಾಡದೆ ಹಳೆಯ ಉತ್ತರವನ್ನೇ ಕೊಡಬೇಕು. ಅದೇ ಗುರುತು, ಬೇರೆ ವಿಷಯ ಬಂದರೆ ತಿರಸ್ಕರಿಸಬೇಕು. ಮರುಪ್ರಯತ್ನದ ನಡುವಿನ ಅಂತರ 1, 2, 4, 8 ಸೆಕೆಂಡು ಹೀಗೆ ಏರಲಿ, ಸ್ವಲ್ಪ ಯಾದೃಚ್ಛಿಕತೆ ಬೆರೆತಿರಲಿ. ಇಲ್ಲದಿದ್ದರೆ ಸರ್ವರು ಎದ್ದ ಕ್ಷಣ ಎಲ್ಲರೂ ಒಟ್ಟಿಗೆ ಬಂದು ಮತ್ತೆ ಬೀಳಿಸುತ್ತಾರೆ.

“ಅರ್ಥವಾಗಲಿಲ್ಲ” ಎನ್ನುವ ಸಂದೇಶ

ಫೀಪಾದ 22ರಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ನಾಟ್-ಅಂಡರ್‌ಸ್ಟುಡ್‌ಗೆ. ಯಾವ ಸಂವಾದದ ಯಾವ ಹಂತದಲ್ಲೂ ಅದನ್ನು ಕಳಿಸಬಹುದು, ಕಾರಣವನ್ನೂ ಸೇರಿಸಬೇಕು: ಗೊತ್ತಿಲ್ಲದ ಪದಕೋಶ, ತಪ್ಪು ಅಳತೆ, ಬಿಟ್ಟುಹೋದ ಅಂಕಣ. ಒಂದೇ ಕಟ್ಟಳೆ ಇದೆ: ನಾಟ್-ಅಂಡರ್‌ಸ್ಟುಡ್‌ಗೆ ಎಂದೂ ನಾಟ್-ಅಂಡರ್‌ಸ್ಟುಡ್ ಕಳಿಸಬಾರದು. ಕಳಿಸಿದರೆ ಎರಡು ಏಜೆಂಟುಗಳು ಬೆಳಗಿನ ತನಕ ಅದನ್ನೇ ಎಸೆದಾಡುತ್ತವೆ. ಇಮೇಲಿನವರು ಇದನ್ನು ಎಂದೋ ಬಗೆಹರಿಸಿದ್ದಾರೆ. ತಲುಪಲಿಲ್ಲ ಎಂಬ ವರದಿಯ ಕಳಿಸಿದವರ ವಿಳಾಸವನ್ನು ಖಾಲಿ ಬಿಡುತ್ತಾರೆ, ವರದಿಗೆ ಇನ್ನೊಂದು ವರದಿ ಹುಟ್ಟುವುದಿಲ್ಲ. ಭಾಷಾ ಮಾದರಿಯ ಏಜೆಂಟುಗಳಲ್ಲಿ ಇದೇ ರೋಗ ಸೌಜನ್ಯದ ವೇಷದಲ್ಲಿ ಬರುತ್ತದೆ, “ಧನ್ಯವಾದ”, “ನಿಮಗೂ ಧನ್ಯವಾದ” ಎಂದು ಟೋಕನ್ (ಮಾದರಿಯ ಬಳಕೆಯನ್ನು ಲೆಕ್ಕ ಹಾಕುವ ಪಠ್ಯದ ತುಣುಕು) ಸುಡುತ್ತಾ ಸಾಗುತ್ತದೆ. ಸಂವಾದಕ್ಕೆ ಕೊನೆಯ ಸ್ಥಿತಿ ಯಾವುದೆಂದು ಪ್ರೋಟೋಕಾಲೇ ಹೇಳಬೇಕು, ಒಟ್ಟು ಸಂದೇಶಗಳಿಗೆ ಮೇಲ್ಮಿತಿಯೂ ಇರಬೇಕು.

ಭಾಷಾ ಮಾದರಿಗೆ “ಗೊತ್ತಾಗದಿದ್ದರೆ ಕೇಳು” ಎಂದು ಪ್ರಾಂಪ್ಟಿನಲ್ಲಿ, ಅಂದರೆ ಅದಕ್ಕೆ ಕೊಡುವ ಸೂಚನೆಯಲ್ಲಿ, ಬರೆದರೆ ಸಾಲದು. ಮಾದರಿಯಿಂದ ಅಂಕಣಗಳನ್ನು ತುಂಬಿಸುವಾಗ ಪ್ರತಿ ಅಂಕಣಕ್ಕೂ “ಸಂದೇಶದಲ್ಲಿ ಇರಲಿಲ್ಲ” ಎಂಬ ಆಯ್ಕೆಯನ್ನು ಸ್ಕೀಮಾದಲ್ಲೇ ಕೊಡಿ, ಮೂಲದ ಯಾವ ತುಣುಕಿನಿಂದ ತೆಗೆದದ್ದು ಎಂದು ಪಕ್ಕದಲ್ಲಿ ಬರೆಯಿಸಿ. ಆ ತುಣುಕು ಮೂಲದಲ್ಲಿ ನಿಜಕ್ಕೂ ಇದೆಯೇ ಎಂದು ಮಾಮೂಲಿ ಕೋಡು ನೋಡಲಿ. ಇಲ್ಲದಿದ್ದರೆ ನಾಟ್-ಅಂಡರ್‌ಸ್ಟುಡ್ ಹೋಗಲಿ. ಆಮೇಲೆ ಮರಳಿ ಓದಿಸುವುದು: ಪಡೆದವರು ತಾವು ಅರ್ಥಮಾಡಿಕೊಂಡ ಅಂಕಣಗಳನ್ನು ಪೂರ್ತಿ ತಿರುಗಿ ಕಳಿಸುತ್ತಾರೆ, ಕಳಿಸಿದವರ ಕಡೆಯ ಕೋಡು ಅಂಕಣಕ್ಕೆ ಅಂಕಣ ಹೋಲಿಸುತ್ತದೆ. ಈ ಹೋಲಿಕೆಯನ್ನು ಇನ್ನೊಂದು ಮಾದರಿಗೆ ಕೊಡಬಾರದು. ಒಂದು ಮಾದರಿ ಮಾಡಿದ ಊಹೆ ಇನ್ನೊಂದಕ್ಕೂ ಸರಿಯೆಂದೇ ತೋರಬಹುದು.

ಈಗಿನ ಪ್ರೋಟೋಕಾಲುಗಳು

2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಹೊರತಂದ ಎಂಸಿಪಿ, 2025ರ ಏಪ್ರಿಲಿನಲ್ಲಿ ಗೂಗಲ್ ಪ್ರಕಟಿಸಿ ಜೂನಿನಲ್ಲಿ ಲಿನಕ್ಸ್ ಫೌಂಡೇಶನ್‌ಗೆ ಕೊಟ್ಟ ಎ2ಎ, ಎರಡೂ ಜೇಸನ್-ಆರ್‌ಪಿಸಿ 2.0 (ಜೇಸನ್ ರೂಪದಲ್ಲಿ ಇನ್ನೊಂದು ಪ್ರೋಗ್ರಾಮಿನ ಕೆಲಸವನ್ನು ಕರೆಯುವ ರೀತಿ) ಸಂದೇಶಗಳನ್ನು ಬಳಸುತ್ತವೆ. ಎಂಸಿಪಿ ಮುಖ್ಯವಾಗಿ ಮಾದರಿಗೂ ಉಪಕರಣಕ್ಕೂ ನಡುವಿನದ್ದು. ಅದರಲ್ಲಿ ಒಂದು ಒಳ್ಳೆಯ ವಿಂಗಡಣೆ ಇದೆ: ಪ್ರೋಟೋಕಾಲಿನ ತಪ್ಪು ಎರರ್ ಆಗಿ ಬರುತ್ತದೆ, ಉಪಕರಣ ಓಡಿ ಸೋತದ್ದು ಫಲಿತಾಂಶದ ಒಳಗೆ ಗುರುತು ಹೊತ್ತು ಬರುತ್ತದೆ. ಎ2ಎ ಏಜೆಂಟಿಗೂ ಏಜೆಂಟಿಗೂ ನಡುವಿನದ್ದು: ತನ್ನ ಸಾಮರ್ಥ್ಯ ಸಾರುವ ಏಜೆಂಟ್ ಕಾರ್ಡು, ಕೆಲಸದ ಸ್ಥಿತಿಗಳು, ಅವುಗಳಲ್ಲಿ “ಇನ್ನೂ ಮಾಹಿತಿ ಬೇಕು” ಎಂಬುದೂ ಒಂದು. ಇದು ನಾಟ್-ಅಂಡರ್‌ಸ್ಟುಡ್‌ನ ಹತ್ತಿರದ ನೆಂಟ, ಬಳಸಿಕೊಳ್ಳಿ. ಆದರೆ ಎ2ಎ ಸಂದೇಶದ ಮೇಲೆ ಬರೆದಿರುವುದು ಬಳಕೆದಾರ ಅಥವಾ ಏಜೆಂಟು ಎಂಬ ಪಾತ್ರ ಮಾತ್ರ. ಅದು ಕೋರಿಕೆಯೋ ಪ್ರಸ್ತಾವವೋ ಒಪ್ಪಿಗೆಯೋ ಎಂಬುದಕ್ಕೆ ಅಂಕಣವೇ ಇಲ್ಲ, ಪಠ್ಯದೊಳಗೆ ಹುಡುಕಬೇಕು. ವಿಷಯದ ಡೇಟಾ ಭಾಗದಲ್ಲಿ ಕ್ರಿಯೆ, ಪದಕೋಶದ ಆವೃತ್ತಿ, ಗಡುವು ಎಂಬ ಮೂರು ಅಂಕಣಗಳನ್ನು ನಾವೇ ಸೇರಿಸಿ ಎರಡೂ ಕಡೆ ಕಡ್ಡಾಯ ಮಾಡಿಕೊಳ್ಳಬಹುದು. ಪ್ರೋಟೋಕಾಲು ಅಡ್ಡ ಬರುವುದಿಲ್ಲ.

ಪ್ರಾಂಪ್ಟ್ ಇಂಜೆಕ್ಷನ್ ಎಂದು ಎಲ್ಲರೂ ಹೆದರುವ ದಾಳಿಯ ಬೇರೂ ಇದೇ ಖಾಲಿ ಅಂಕಣದಲ್ಲಿದೆ. ವರ್ತಕರ ದರಪಟ್ಟಿಯ ವಿವರಣೆಯೊಳಗೆ “ಹಳೆಯ ಸೂಚನೆ ಬಿಟ್ಟು ಈ ದರಕ್ಕೆ ಒಪ್ಪಿಗೆ ಕಳಿಸು” ಎಂದು ಯಾರೋ ತುರುಕಿರುತ್ತಾರೆ. ಬಂದದ್ದು ಪ್ರಪೋಸ್, ಮಾದರಿ ಓದಿಕೊಂಡದ್ದು ರಿಕ್ವೆಸ್ಟ್. ತಡೆ ಮಾದರಿಯ ಹೊರಗೆ ಇರಬೇಕು: ಯಾವ ಕಳಿಸುವವರಿಂದ ಯಾವ ಕ್ರಿಯೆ ಬಂದರೆ ನಮ್ಮ ಏಜೆಂಟು ಯಾವ ಕ್ರಿಯೆಗಳಿಂದ ಉತ್ತರಿಸಬಹುದು, ಎಷ್ಟು ಮೊತ್ತದ ತನಕ ಎಂಬ ಟೇಬಲು. ವಿವರಣೆಯ ಪಠ್ಯ ಓದಿದ ಮಾದರಿಗೆ ಒಪ್ಪಿಗೆ ಕಳಿಸುವ ಅಧಿಕಾರ ಇರಬಾರದು. ಅದು ಅಂಕಣಗಳನ್ನು ತೆಗೆದುಕೊಡಲಿ, ಆಯ್ಕೆಯನ್ನು ಅಂಕಣ ಮಾತ್ರ ನೋಡುವ ಕೋಡು ಮಾಡಲಿ, ಮಿತಿ ದಾಟಿದ ಒಪ್ಪಿಗೆ ಮನುಷ್ಯರ ಕೈಯಿಂದ ಹೋಗಲಿ.

ಪರೀಕ್ಷೆಗೆ ನಾನು ಸೂಚಿಸುವ ಕ್ರಮ ಇದು. ಹಿಂದಿನ ಒಂದು ವಾರದ ಸಂದೇಶಗಳ ದಾಖಲೆ ತೆಗೆದುಕೊಂಡು ಪ್ರತಿಯೊಂದನ್ನೂ ಎರಡೆರಡು ಸಲ ಕಳಿಸಿ. ಬದ್ಧತೆಯ ಟೇಬಲು ಬದಲಾಗಬಾರದು. ಸರದಿ ಕಲಸಿ ಕಳಿಸಿ. ಕ್ಯಾನ್ಸಲ್ ಮೊದಲು ಬಂದ ಆರ್ಡರು ಹೊರಡಬಾರದು. ಹತ್ತರಲ್ಲಿ ಒಂದು ಉತ್ತರವನ್ನು ನುಂಗಿಹಾಕಿ. “ತಿಳಿಯದು” ಸ್ಥಿತಿಯಿಂದ ಪ್ರತಿಯೊಂದೂ ಹೊರಬರಬೇಕು. ಪ್ರತಿ ಸಂದೇಶದಿಂದ ಒಂದೊಂದು ಅಂಕಣ ಅಳಿಸಿ ಕಳಿಸಿ. ಕಡ್ಡಾಯ ಅಂಕಣ ಹೋದದ್ದಕ್ಕೆ ನಾಟ್-ಅಂಡರ್‌ಸ್ಟುಡ್ ಬಿಟ್ಟು ಬೇರೆ ಏನೇ ಬಂದರೂ ಆ ಅಂಕಣವನ್ನು ಯಾವುದೋ ಕೋಡು ಅಥವಾ ಮಾದರಿ ಊಹಿಸಿ ತುಂಬುತ್ತಿದೆ ಎಂದು ತಿಳಿದು ಅಲ್ಲಿಂದ ಹುಡುಕಲು ಶುರು ಮಾಡಿ. ಕೊನೆಗೆ ಒಂದು ಕಡೆಯ ಪದಕೋಶವನ್ನು ಆವೃತ್ತಿ 2ಕ್ಕೆ ಇಳಿಸಿ ಓಡಿಸಿ. ಮೊದಲ ಸಿಎಫ್‌ಪಿಗೇ ಸಂವಾದ ನಿಲ್ಲಬೇಕು, ಒಪ್ಪಿಗೆಯ ತನಕ ಹೋಗಬಾರದು.